ಹೊಲಿಗೆಯ ಬಾಲ

ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ದೂರು ಹಿಡಿದು ಠಾಣೆಗೆ ಬಂದವರು ಆಸ್ಪತ್ರೆಯ ಆಡಳಿತಾಧಿಕಾರಿ. ಅವರ ಅಂಗಿಯ ತೋಳಿನ ಮೇಲೆ ರಕ್ತದ ಕಲೆಯಿತ್ತು. ರಕ್ತ ಅವರದ್ದಲ್ಲ.

“ನಮ್ಮ ಸರ್ಜರಿ ವಿಭಾಗದ ದೊಡ್ಡ ಡಾಕ್ಟರ ಕೈ ಕುಯ್ದು ಹೋಗಿದೆ ಸಾರ್. ಕೋಟಿನ ಜೇಬಿಗೆ ಕೈ ಹಾಕಿದ್ರು, ಒಳಗೆ ಬ್ಲೇಡ್ ಇತ್ತು.”

ಇನ್‌ಸ್ಪೆಕ್ಟರ್ ಇದನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. “ಅವರೇ ಮರೆತು ಇಟ್ಕೊಂಡಿರಬಹುದಲ್ಲ?”

“ಮರೆತು ಇಟ್ಟಿದ್ದಲ್ಲ ಸಾರ್. ಯಾರೋ ಜೇಬಿಗೆ ಹೊಲಿದಿದ್ದಾರೆ.”

ಎಫ್‌ಐಆರ್ ದಾಖಲಾಯಿತು. ಅರ್ಧ ಗಂಟೆಯಲ್ಲಿ ಇನ್‌ಸ್ಪೆಕ್ಟರ್ ಆಸ್ಪತ್ರೆಯ ಮೂರನೇ ಮಹಡಿಯಲ್ಲಿದ್ದರು. ಜೊತೆಗೆ ಕಾನ್‌ಸ್ಟೇಬಲ್ ಮೀಸೆ. ಹೋದ ವಾರ ಕಳ್ಳನನ್ನು ಅಟ್ಟಿಸಿಕೊಂಡು ಹೋಗಿ ಮೊಣಕೈ ಸೀಳಿಕೊಂಡೆ ಎಂದು ಮೀಸೆ ಊರಿಗೆಲ್ಲ ಹೇಳಿಕೊಂಡಿದ್ದ. ಅವನು ಬಿದ್ದದ್ದು ಠಾಣೆಯ ಗೇಟಿಗೆ ಎಡವಿ ಎಂಬುದು ಠಾಣೆಗೆಲ್ಲ ಗೊತ್ತಿತ್ತು. ಹೊಲಿಗೆ ಹಾಕಿದ್ದು ಇದೇ ಆಸ್ಪತ್ರೆಯಲ್ಲಿ, ಬಿಚ್ಚಬೇಕಾದ ದಿನವೂ ಇದೇ.

ಪಂಚರ ಎದುರಿಗೆ ಕೋಟನ್ನು ಬಿಳಿ ಬಟ್ಟೆಯ ಮೇಲೆ ಹರಡಿ ಪಂಚನಾಮೆ ಮಾಡಿದರು. ಬಲಗಡೆಯ ಜೇಬಿನ ತಳದಲ್ಲಿ ಶಸ್ತ್ರಚಿಕಿತ್ಸೆಯ ಎರಡು ಬ್ಲೇಡುಗಳು, ಅಲಗು ಮೇಲ್ಮುಖ. ಬ್ಲೇಡಿನ ನಡುವಿನ ಸೀಳಿನಲ್ಲಿ ಕಪ್ಪು ದಾರ ಹಾಯಿಸಿ ಬಟ್ಟೆಗೆ ಬಿಗಿದು ಗಂಟು ಹಾಕಲಾಗಿತ್ತು. ಅವುಗಳ ಸುತ್ತ ರಕ್ತ ಮೆತ್ತಿದ ಪೆಪ್ಪರ್‌ಮಿಂಟುಗಳು.

ಪೆಪ್ಪರ್‌ಮಿಂಟಿನ ಕತೆ ವಿಭಾಗದಲ್ಲಿ ಎಲ್ಲರಿಗೂ ಗೊತ್ತು. ದೊಡ್ಡ ಡಾಕ್ಟರು ರೌಂಡ್ಸ್‌ಗೆ ಬಂದರೆ ತರಬೇತಿಯ ಡಾಕ್ಟರುಗಳಲ್ಲಿ ಒಬ್ಬರದ್ದಾದರೂ ರೋಗಿಗಳ ಮುಂದೆಯೇ ನೀರಿಳಿಸದೆ ಬಿಡುತ್ತಿರಲಿಲ್ಲ. ಬೈದು ಮುಗಿದ ಕೂಡಲೇ ಜೇಬಿಗೆ ಕೈ ತೂರಿಸಿ ಒಂದು ಮುಷ್ಟಿ ಪೆಪ್ಪರ್‌ಮಿಂಟ್ ತೆಗೆದು ಬಾಯಿ ಸಿಹಿ ಮಾಡಿಕೊಳ್ಳುತ್ತಿದ್ದರು. ಇಂದೂ ಹಾಗೇ ಮುಷ್ಟಿ ಹಿಡಿದಿದ್ದರು.

ಶಸ್ತ್ರಚಿಕಿತ್ಸೆ ಮುಗಿಸಿ ಹೊರಬಂದ ವೈದ್ಯರು ಹೇಳಿದರು: “ಎರಡು ಬೆರಳಿನ ನರ, ಸ್ನಾಯುಬಂಧ ಎರಡೂ ತುಂಡಾಗಿವೆ. ಜೋಡಿಸಿದ್ದೀವಿ. ತಟ್ಟೆ ಲೋಟ ಹಿಡೀಬಹುದು. ಆಪರೇಷನ್ ಮಾತ್ರ ಇನ್ನು ಕನಸು.”

“ಮೊದಲು ರಕ್ತ ನಿಲ್ಲಿಸಿದ್ದು ಯಾರು?”

“ತರಬೇತಿ ಮೇಡಂ, ಹೊಸಬರಿಗೆ ಹೊಲಿಗೆ ಕಲಿಸೋರು. ಎದುರು ಕೋಣೆಯಿಂದ ಓಡಿ ಬಂದು ಮಣಿಕಟ್ಟು ಅದುಮಿ ಹಿಡಿದ್ರು.”

ಪ್ರಜ್ಞೆ ಬಂದ ದೊಡ್ಡ ಡಾಕ್ಟರು ಒಂದೇ ಮಾತು ಹೇಳಿದರು: “ಆ ಲೇಟ್ ನನ್ಮಗನೇ ಮಾಡಿರೋದು. ಬೇರೆ ಯಾರಿಗೂ ಅಷ್ಟು ಧೈರ್ಯ ಇಲ್ಲ.”

ಲೇಟ್ ಎಂದರೆ ತರಬೇತಿಯ ಕೊನೆಯ ವರ್ಷದ ಡಾಕ್ಟರು. ಎಲ್ಲಕ್ಕೂ ತಡವಾಗಿ ಬರುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು. ಬೆಳಿಗ್ಗೆ ಬೈಸಿಕೊಂಡವರೂ ಅವರೇ.

“ನಿನ್ನೆ ಬೆಳಿಗ್ಗೆ ಜೇಬಲ್ಲಿ ಬ್ಲೇಡ್ ಇರ್ಲಿಲ್ಲ. ಆಮೇಲೆ ಮಧ್ಯಾಹ್ನ ಎಲ್ಲಿದ್ರಿ?”

“ತರಬೇತಿ ಕೋಣೆಯಲ್ಲಿ. ದೊಡ್ಡ ಡಾಕ್ಟ್ರು ತಮ್ಮ ಹೊಸ ಹೊಲಿಗೆ ತೋರಿಸ್ತಾ ಇದ್ರು.”

“ಕೋಟು ಹಾಕ್ಕೊಂಡೇ?”

“ಇಲ್ಲ. ಕೋಟು ಬಿಚ್ಚಿ ಬಾಗಿಲ ಹತ್ತಿರದ ಗೂಟಕ್ಕೆ ಹಾಕಿ, ಗೌನ್ ಹಾಕ್ಕೊಂಡಿದ್ರು.”

“ನೀವು ಎಲ್ಲಿ ನಿಂತಿದ್ರಿ?”

“ಬಾಗಿಲ ಹತ್ತಿರ. ತಡವಾಗಿ ಬಂದೆ ಸಾರ್. ಮುಂದೆ ಜಾಗ ಇರ್ಲಿಲ್ಲ.”

“ಅವರ ಮೇಲೆ ಸಿಟ್ಟಿತ್ತಾ?”

“ಯಾರಿಗಿಲ್ಲ ಸಾರ್?”

ಪ್ರಾಮಾಣಿಕ ಉತ್ತರ, ಆದರೆ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವ ಉತ್ತರ. ಇನ್‌ಸ್ಪೆಕ್ಟರಿಗೆ ಅವರ ಮೇಲೆ ಕನಿಕರ ಹುಟ್ಟಿತು. ಕನಿಕರದಿಂದ ಕೇಸು ಮುಗಿಯುವುದಿಲ್ಲ.

ತರಬೇತಿ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಮೇಲೆ ಸಾಲಾಗಿ ಸ್ಪಂಜಿನ ತುಂಡುಗಳು. ಹೊಸ ಡಾಕ್ಟರುಗಳು ರೋಗಿಯ ಚರ್ಮಕ್ಕೆ ಸೂಜಿ ಹಾಕುವ ಮೊದಲು ಇವುಗಳ ಮೇಲೆ ಹೊಲಿದು ಕಲಿಯಬೇಕು. ಗೋಡೆಯ ಮೇಲೆ ಒಂದು ದೊಡ್ಡ ಚಿತ್ರ: ಸೂಜಿ ಹಿಡಿದ ಕೈ. ಮುಖವಿಲ್ಲ, ಬರೀ ಕೈ. ಅದು ದೊಡ್ಡ ಡಾಕ್ಟರ ಕೈ. ತರಬೇತಿ ಮೇಡಂ ಕೂರುವ ಕುರ್ಚಿ ಸರಿಯಾಗಿ ಅದರ ಎದುರಿಗಿತ್ತು. ನಲವತ್ತರ ಆಸುಪಾಸಿನ ಹೆಂಗಸು, ಹೆಚ್ಚು ಮಾತಿಲ್ಲ.

“ಈ ಗಂಟು ಯಾರು ಹಾಕಿರಬಹುದು ಅಮ್ಮಾ?”

ಪಂಚನಾಮೆಯಲ್ಲಿ ತೆಗೆದ ಜೇಬಿನ ಫೋಟೋವನ್ನು ಅವರು ನೋಡಿ ವಾಪಸು ಕೊಟ್ಟರು. “ಇಲ್ಲಿ ಕಲಿತವರೆಲ್ಲ ಇದೇ ಗಂಟು ಹಾಕೋದು.”

ಅಷ್ಟರಲ್ಲಿ ಪಕ್ಕದ ಡ್ರೆಸಿಂಗ್ ಕೋಣೆಯಿಂದ ಮೀಸೆಯ ಬೊಬ್ಬೆ ಕೇಳಿಸಿತು. ಇನ್‌ಸ್ಪೆಕ್ಟರ್ ಓಡಿದರು. ಹೊಲಿಗೆ ಬಿಚ್ಚುತ್ತಿದ್ದ ಹಿರಿಯ ನರ್ಸ್ ಅವನಿಗೆ ಗದರುತ್ತಿದ್ದರು.

“ಕಳ್ಳನ್ನ ಹಿಡಿಯೋ ಗಂಡಸು ಹೀಗಾ ಕಿರುಚೋದು?”

“ನೀವು ಮಾಂಸಾನೇ ಕೀಳ್ತಾ ಇದ್ದೀರಲ್ಲಮ್ಮಾ!”

“ನಾನೇನು ಮಾಡ್ಲಿ? ಗಂಟಿನ ಮೇಲೆ ದಾರದ ಬಾಲ ಬಿಟ್ಟಿದ್ರೆ ಚಿಮಟಿಗೆ ಹಿಡಿದು ಎತ್ತಿ ಕತ್ತರಿಸಬಹುದು. ಇಲ್ಲಿನ ಡಾಕ್ಟ್ರುಗಳು ಗಂಟಿನ ಬುಡಕ್ಕೇ ಕತ್ತರಿಸ್ತಾರೆ. ಸಂಶೋಧನೆಗೆ ಫೋಟೋ ತೆಗೆದ್ರೆ ಅಂದವಾಗಿ ಕಾಣಬೇಕಂತೆ, ದೊಡ್ಡ ಡಾಕ್ಟ್ರ ಅಪ್ಪಣೆ. ಬಾಲ ಬಿಟ್ಟೋರಿಗೆ ಬೈಗುಳ.”

ಇನ್‌ಸ್ಪೆಕ್ಟರ್ ಮೀಸೆಯ ಮೊಣಕೈ ನೋಡಿದರು, ಕೈಯಲ್ಲಿದ್ದ ಫೋಟೋ ನೋಡಿದರು. ಜೇಬಿನ ಗಂಟಿನ ಮೇಲೆ ದಾರದ ಎರಡು ತುದಿಗಳು ಉಗುರಿನಷ್ಟು ಉದ್ದ ನಿಂತಿದ್ದವು.

“ಯಾರೂ ಬಾಲ ಬಿಡೋದೇ ಇಲ್ವಾ?”

“ತರಬೇತಿ ಮೇಡಂ ಒಬ್ರೇ. ಬಿಚ್ಚುವಾಗ ರೋಗಿಗೆ ನೋವಾಗಬಾರದು ಅಂತ ಬಡ್ಕೋತಾರೆ, ಥಿಯೇಟರಿಗೆ ಹೋದ ಮೇಲೆ ಯಾರು ಕೇಳ್ತಾರೆ? ಪಾಪ, ಅವರೂ ಒಳ್ಳೇ ಸರ್ಜನ್ನೇ. ಒಂದು ಆಪರೇಷನ್‌ನಲ್ಲಿ ರೋಗಿ ಹೋದ. ಇವಳ ಕೈ ನಡುಗುತ್ತೆ ಅಂತ ದೊಡ್ಡ ಡಾಕ್ಟ್ರು ಬರೆದು ಹಾಕಿದ್ರು. ಅವತ್ತಿನಿಂದ ಸ್ಪಂಜು ಹೊಲಿಯೋ ಕೆಲಸ.”

“ಕೈ ನಡುಗುತ್ತಿತ್ತಾ?”

“ಹದಿನೈದು ವರ್ಷದಿಂದ ನೋಡ್ತಾ ಇದ್ದೀನಿ ಸಾರ್. ನಾನಂತೂ ಕಂಡಿಲ್ಲ.”

ಇನ್‌ಸ್ಪೆಕ್ಟರ್ ತರಬೇತಿ ಕೋಣೆಗೆ ಮರಳಿದಾಗ ಮೇಡಂ ಸ್ಪಂಜಿನ ಮೇಲೆ ಹೊಲಿಗೆ ಹಾಕುತ್ತಿದ್ದರು. ಇನ್‌ಸ್ಪೆಕ್ಟರ್ ಎದುರಿನ ಸ್ಟೂಲಿನಲ್ಲಿ ಕೂತರು.

“ಲೇಟ್ ಡಾಕ್ಟರನ್ನ ಅರೆಸ್ಟ್ ಮಾಡ್ತಾ ಇದ್ದೀವಿ ಅಮ್ಮಾ.”

ಸೂಜಿ ನಿಂತಿತು. “ಅವನು ಇರುವೆಗೂ ನೋವು ಮಾಡೋನಲ್ಲ.”

“ಕೋಟಿನ ಪಕ್ಕ ನಿಂತಿದ್ದು ಅವನು. ಬೈಸಿಕೊಂಡಿದ್ದು ಅವನು. ದೊಡ್ಡ ಡಾಕ್ಟ್ರು ಬೊಟ್ಟು ಮಾಡಿದ್ದೂ ಅವನ ಕಡೆಗೇ. ಅವರ ಮಾತಿನ ಮುಂದೆ ಕಲಿಯೋ ಹುಡುಗನ ಮಾತು ನಡೆಯುತ್ತಾ?”

ಮೇಡಂ ಗೋಡೆಯ ಕೈಯನ್ನೊಮ್ಮೆ ನೋಡಿದರು. ಆಮೇಲೆ ಹೊಲಿಗೆ ಮುಗಿಸಿ, ಗಂಟು ಹಾಕಿ, ದಾರ ಕತ್ತರಿಸಿದರು. ಗಂಟಿನ ಮೇಲೆ ಉಗುರಿನಷ್ಟು ಬಾಲ ನಿಂತಿತು. ಇನ್‌ಸ್ಪೆಕ್ಟರ್ ಫೋಟೋವನ್ನು ಅದರ ಪಕ್ಕ ಇಟ್ಟರು.

“ಅವನನ್ನ ಬಿಡಿ,” ಎಂದರು ಮೇಡಂ. “ಒಬ್ಬರ ತಪ್ಪು ಇನ್ನೊಬ್ಬರ ತಲೆಗೆ ಕಟ್ಟೋ ಕೆಲಸ ನನ್ನ ಕೈಯಿಂದ ಆಗಲ್ಲ. ಅದನ್ನ ಮಾಡೋರು ಬೇರೆ ಇದ್ದಾರೆ.”

“ಬಾಲ ಯಾಕೆ ಬಿಟ್ರಿ?”

“ಬೇಕೂಂತ ಬಿಟ್ಟಿದ್ದಲ್ಲ. ಕೈ ತಾನಾಗೇ ಬಿಟ್ಟಿದೆ.”

“ಯಾವಾಗ ಹೊಲಿದ್ರಿ?”

“ಅವರು ಹೊಲಿಗೆ ತೋರಿಸ್ತಾ ಇದ್ದಾಗ. ಎಲ್ಲರ ಕಣ್ಣು ಅವರ ಕೈ ಮೇಲಿತ್ತು. ಲೇಟ್ ಬರೋ ಹೊತ್ತಿಗೆ ನನ್ನ ಕೆಲಸ ಮುಗಿದಿತ್ತು.”

ಉಳಿದದ್ದನ್ನು ಅವರು ತಡೆಯಿಲ್ಲದೆ ಹೇಳಿದರು. ದೊಡ್ಡ ಡಾಕ್ಟರ ಹೊಸ ವಿಧಾನದ ಸಂಶೋಧನೆಗೆ ಸೇರಿಸಿಕೊಂಡ ರೋಗಿ ಒಬ್ಬ ಬಸ್ ಡ್ರೈವರ್. ರಕ್ತನಾಳಕ್ಕೆ ಗಂಟು ಹಾಕಿದ್ದು ದೊಡ್ಡ ಡಾಕ್ಟರು. ಗಂಟು ಜಾರಿ, ರಕ್ತ ಸೋರಿ ರೋಗಿ ಸತ್ತ. ಹೊರಗೆ ಹೋಗಿ ಅವನ ಹೆಂಡತಿಗೆ ತಿಳಿಸು ಎಂದು ಮೇಡಂ ಅವರನ್ನು ಕಳಿಸಿದರು. ಇವರು ಆ ಹೆಂಗಸನ್ನು ತಬ್ಬಿಕೊಂಡು ಸಮಾಧಾನ ಮಾಡಿ ಒಳಗೆ ಬರುವಷ್ಟರಲ್ಲಿ, ದಾಖಲೆಯಲ್ಲಿ ಜಾರಿದ ಗಂಟು ಇವರದ್ದಾಗಿತ್ತು.

“ಆಯಮ್ಮ ಈಗಲೂ ದಾರೀಲಿ ಸಿಕ್ಕರೆ ನನ್ನ ಮುಖಕ್ಕೆ ಉಗೀತಾರೆ. ನನ್ನ ಗಂಡನ್ನ ಕೊಂದೋಳು ಅಂತಾರೆ. ಒರೆಸ್ಕೊಂಡು ಇಲ್ಲಿಗೆ ಬಂದು ಈ ಚಿತ್ರದ ಎದುರು ಕೂರ್ತೀನಿ.”

“ಅವರನ್ನ ಸಾಯಿಸಬೇಕು ಅಂತಿತ್ತಾ?”

“ಛೆ! ಸತ್ತರೆ ಅವರಿಗೇನು ಗೊತ್ತಾಗುತ್ತೆ? ಬದುಕಬೇಕು. ಬೇರೆಯವರು ಸೂಜಿ ಹಿಡಿಯೋದನ್ನ ನೋಡ್ತಾ ನೋಡ್ತಾ ಬದುಕಬೇಕು. ಅದಕ್ಕೇ ಓಡಿ ಹೋಗಿ ರಕ್ತ ನಿಲ್ಲಿಸಿದ್ದು.”

ಅವರ ಕಣ್ಣಿನಲ್ಲಿ ಪಶ್ಚಾತ್ತಾಪದ ಸುಳಿವೂ ಇರಲಿಲ್ಲ. ಸಂಜೆ ಐದಕ್ಕೆ ಬಂಧನವಾಯಿತು. ಹೊರಡುವಾಗ ಮೇಡಂ ಬಾಗಿಲಲ್ಲಿ ಅಳುತ್ತಾ ನಿಂತಿದ್ದ ಲೇಟ್‌ಗೆ ಹೇಳಿದರು: “ನಾಳೆ ಕ್ಲಾಸಿಗೆ ಹೊತ್ತಿಗೆ ಸರಿಯಾಗಿ ಬಾರಪ್ಪ. ಹೇಳಿಕೊಡೋರು ಯಾರೂ ಇರಲ್ಲ, ಚಿಕ್ಕೋರಿಗೆ ನೀನೇ ಹೇಳಿಕೊಡಬೇಕು.”

ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಟರ್ ದೊಡ್ಡ ಡಾಕ್ಟರ ಹೇಳಿಕೆ ಪಡೆದರು. ಕೊನೆಗೆ ಕೇಳಿದರು: “ಆ ಬಸ್ ಡ್ರೈವರಿಗೆ ಹಾಕಿದ ಗಂಟು ಯಾರದ್ದು ಡಾಕ್ಟ್ರೇ?”

ದೊಡ್ಡ ಡಾಕ್ಟರು ಕಿಟಕಿಯ ಕಡೆಗೆ ತಿರುಗಿದರು. “ಹಳೇದನ್ನೆಲ್ಲ ಈಗ ಯಾಕೆ ಕೆದಕ್ತೀರಿ?”

ಇನ್‌ಸ್ಪೆಕ್ಟರ್ ಆ ಮಾತನ್ನು ಇದ್ದ ಹಾಗೇ ಬರೆಸಿಕೊಂಡರು. ಹಳೆಯ ಸಾವಿನ ಬಗ್ಗೆ ಮರುವಿಚಾರಣೆ ಆಗಬೇಕೆಂದು ಮೇಲಧಿಕಾರಿಗಳಿಗೆ ವರದಿ ಕಳಿಸುವುದೆಂದು ನಿರ್ಧರಿಸಿದರು. ಅದರಿಂದ ಮೇಡಂ ಮೇಲಿನ ಕೇಸು ಒಂದಿಷ್ಟೂ ಹಗುರವಾಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಮಧ್ಯಾಹ್ನ ಮೀಸೆ ಲಾಕಪ್ಪಿಗೆ ಊಟ ತಂದ. ಹಿಂದಿನ ದಿನದಿಂದ ಮೇಡಂ ಊಟ ಮುಟ್ಟಿರಲಿಲ್ಲ. ಸುಮ್ಮನಿರಲಾರದೆ ಅವನು ಆಸ್ಪತ್ರೆಯ ಸುದ್ದಿ ಹೇಳಿದ.

“ದೊಡ್ಡ ಡಾಕ್ಟ್ರು ಹೇಳಿಕೆಗೆ ಎಡಗೈಯಲ್ಲಿ ಸಹಿ ಹಾಕಿದ್ರು ಅಮ್ಮಾ.”

ಮೇಡಂ ತಲೆಯೆತ್ತಿದರು. “ಕೈ ನಡುಗಿತಾ?”

“ಅಯ್ಯೋ, ಪೆನ್ನು ನಿಲ್ತಾನೇ ಇರ್ಲಿಲ್ಲ.”

ಅವರು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಒಂದು ತುತ್ತೂ ಬಿಡದೆ ಊಟ ಮಾಡಿದರು.