ಹಲಗೆಗೆ ಹಚ್ಚಿದ ಕಪ್ಪು

1979ರ ಆಗಸ್ಟ್ 13, ಸೋಮವಾರ. ಮಧ್ಯಾಹ್ನ ಮೂರು ಗಂಟೆಗೆ ಯಲಹಂಕ ಠಾಣೆಯ ಮೆಟ್ಟಿಲು ಹತ್ತಿ ಬಂದವರು, ಅವರ ವಿಶ್ವವಿದ್ಯಾಲಯದ ಪ್ರಕಾರ, ಅವತ್ತು ಬೆಳಿಗ್ಗೆಯೇ ತೀರಿಕೊಂಡಿದ್ದರು.

"ನಾನು ಪ್ರೊಫೆಸರ್ ವೆಂಕೋಬರಾಯ," ಎಂದರು. "ನಾನು ಸತ್ತಿಲ್ಲ. ದೂರು ಬರಕೊಳ್ಳಿ."

ಸಬ್ ಇನ್ಸ್‌ಪೆಕ್ಟರ್ ನೂರುಲ್ಲಾನಿಗೆ ರಂಜಾನ್ ಉಪವಾಸ. ಬಾಯಿ ಒಣಗಿ, ತಲೆ ಧಿಮ್ಮೆನ್ನುತ್ತಿತ್ತು. ಈ ಹೊತ್ತಿಗೆ ಹುಚ್ಚರ ಕಾಟ ಬೇರೆ ಎಂದು ಸಿಟ್ಟೇ ಬಂತು. ಆದರೂ ಕುರ್ಚಿ ಸರಿಸಿ ಕೂರಿಸಿದ. ಹೆಡ್ ಕಾನ್‌ಸ್ಟೇಬಲ್ ಮುನಿಶಾಮಿ ನೀರು ತಂದುಕೊಟ್ಟ.

ಕತೆ ಹೀಗಿತ್ತು. ಕೋಗಿಲು ಹಳ್ಳಿಯ ಪಕ್ಕದ ಆ ಪುಟ್ಟ ವಿಶ್ವವಿದ್ಯಾಲಯದಲ್ಲಿ ಕಚೇರಿಯ ಮುಂದೊಂದು ಮರದ ಕರಿಹಲಗೆ. ಆ ವಾರ ಯಾರ ಉಪನ್ಯಾಸ, ಯಾವ ಪಂದ್ಯ, ಎಲ್ಲಿ ಸಭೆ, ಎಲ್ಲವನ್ನೂ ಸೋಮವಾರ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ವಾರದ ಕಾರ್ಯಕ್ರಮ ಸಮಿತಿಗೆ ವೆಂಕೋಬರಾಯರೇ ಕಾರ್ಯದರ್ಶಿ. ಹಲಗೆಯ ಮೇಲೆ ಯಾರದಾದರೂ ನಿಧನವಾರ್ತೆ ಬಂದರೆ ಬಿಡಿಬಿಡಿಯಾಗಿ ಗಂಟೆ ಹೊಡೆಯುತ್ತಾರೆ. ಎಲ್ಲರೂ ಹಲಗೆಯ ಮುಂದೆ ಎರಡು ನಿಮಿಷ ತಲೆತಗ್ಗಿಸಿ ನಿಲ್ಲುತ್ತಾರೆ. ಆಮೇಲೆ ರಜೆ.

ಅವತ್ತು ಬೆಳಿಗ್ಗೆ ಹಲಗೆಯ ಮೇಲೆ ವೆಂಕೋಬರಾಯರ ನಿಧನವಾರ್ತೆ ಇತ್ತು. ಕೆಳಗೆ 'ರಿಜಿಸ್ಟ್ರಾರ್' ಎಂದಿತ್ತು. ರಿಜಿಸ್ಟ್ರಾರರು ಊರೊಳಗೆ ಮೀಟಿಂಗಿಗೆ ಹೋಗಿದ್ದರು. ಅವರೇ ಹೇಳಿ ಬರೆಸಿರಬೇಕು ಎಂದು ಎಲ್ಲರೂ ತಿಳಿದರು. ಯಾವಾಗ ಸತ್ತರು, ಹೇಗೆ ಸತ್ತರು ಎಂದು ಒಬ್ಬನೂ ಕೇಳಲಿಲ್ಲ. ಗಂಟೆಯಾಯಿತು, ಮೌನವಾಯಿತು, ಹುಡುಗರು ಮ್ಯಾಟಿನಿಗೆ ಓಡಿದರು.

"ನಾನು ತುಮಕೂರಲ್ಲಿ ಮದುವೆಗೆ ಹೋಗಿದ್ದೆ," ಎಂದರು ವೆಂಕೋಬರಾಯರು. "ಬಸ್ಸು ಕೆಟ್ಟು ನಿಂತ್ಬಿಡ್ತು. ಒಂದು ಗಂಟೆಗೆ ಕಾಲೇಜಿಗೆ ಬಂದ್ರೆ ಒಂದು ನರಪಿಳ್ಳೆ ಇಲ್ಲ. ವಾಚ್‌ಮನ್ ನನ್ನ ನೋಡಿ ಕೂಗ್ಕೊಂಡು ಓಡಿಹೋದ."

ಮುನಿಶಾಮಿ ನಗು ಬಂದು ಗೋಡೆಯ ಕಡೆ ತಿರುಗಿದ.

"ನಗಬೇಡಿ," ಎಂದರು ಅವರು. "ಗುಮಾಸ್ತನೊಬ್ಬ ಹಾರ ತಗೊಂಡು ಯಶವಂತಪುರಕ್ಕೆ, ನಮ್ಮ ಮನೆಗೆ ಹೋಗಿದಾನೆ. ಬಾಗಿಲು ತೆಗೆದದ್ದು ನಮ್ಮಮ್ಮ. 'ಬಾಡಿ ಇನ್ನೂ ಬಂದಿಲ್ವಾ ಅಮ್ಮ?' ಅಂತ ಕೇಳಿದನಂತೆ. ಅಲ್ಲೇ ಬಿದ್ಲು. ಈಗ ಆಸ್ಪತ್ರೇಲಿ ಪ್ರಜ್ಞೆ ಇಲ್ಲ."

ಮುನಿಶಾಮಿಯ ನಗು ಅಲ್ಲಿಗೇ ಸತ್ತಿತು.

"ಯಾರ ಮೇಲೆ ಅನುಮಾನ?" ನೂರುಲ್ಲಾ ಕೇಳಿದ.

"ಅನುಮಾನ ಏನ್ ಬಂತು? ಮನ್ಸೂರ್ ಅಂತ, ಫೈನಲ್ ಇಯರು. ಹಾಜರಿ ಸಾಲದು ಅಂತ ಹಾಲ್ ಟಿಕೆಟ್ ತಡೆದಿದ್ದೆ. 'ನಿಮ್ಮ ಹೆಸರೂ ಬೋರ್ಡಿಗೆ ಬರೋ ದಿನ ಬರುತ್ತೆ' ಅಂತ ಎಲ್ಲರ ಮುಂದೆ ಕೂಗಾಡಿದ್ದ." ಹೇಳಿ, ನೂರುಲ್ಲಾನ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಒಮ್ಮೆ ನೋಡಿ, ಕಣ್ಣು ಬೇರೆ ಕಡೆ ಹೊರಳಿಸಿದರು.

ನೂರುಲ್ಲಾನಿಗೆ ಆ ನೋಟ ಹೊಸದಲ್ಲ. ಎಫ್‌ಐಆರ್ ದಾಖಲಿಸಿ ಸಹಿ ಹಾಕಿಸಿಕೊಂಡ.

ಪಂಚನಾಮೆಗೆ ಹೋದಾಗ ಸಂಜೆಯಾಗಿತ್ತು. ಹಲಗೆ ಖಾಲಿ. ರಿಜಿಸ್ಟ್ರಾರರು ಬಂದವರೇ ಗಾಬರಿಬಿದ್ದು ಒದ್ದೆ ಬಟ್ಟೆಯಲ್ಲಿ ಒರೆಸಿಹಾಕಿಸಿದ್ದರು. ಕೈಬರಹ ಹೊಂದಿಸಿ ನೋಡೋಣವೆಂದರೆ ಒಂದಕ್ಷರವೂ ಉಳಿದಿರಲಿಲ್ಲ.

"ದೊಡ್ಡ ದೊಡ್ಡ ಓದು ಓದವ್ರೆ, ಇಂಗಾ ಮಾಡೋದು?" ಎಂದು ಮುನಿಶಾಮಿ ಗೊಣಗಿದ. "ಕಳ್ಳ ಓಡೋದ್ಮೇಲೆ ಮನೆ ತೊಳ್ದಂಗಾಯ್ತು."

ನೂರುಲ್ಲಾ ಒರೆಸಿದ ಬಟ್ಟೆಯನ್ನು ತರಿಸಿದ. ಅದು ಕಪ್ಪಗೆ ತೊಯ್ದಿತ್ತು. ಬಕೆಟ್ಟಿನ ನೀರೂ ಕಪ್ಪು. ಹಲಗೆಯ ಮೇಲೆ ಬೆರಳಾಡಿಸಿದರೆ ಬೆರಳಿಗೂ ಮೆತ್ತಿತು. ಮೂಗಿನ ಹತ್ತಿರ ತಂದ. ಹಸಿಸೊಪ್ಪಿನ ಒಗರು ವಾಸನೆ.

ಆ ವಾಸನೆಗೆ ಅವನ ಬಾಲ್ಯವೇ ಎದ್ದು ಬಂತು. ಶಾಲೆಯಲ್ಲಿ ಶನಿವಾರಕ್ಕೊಮ್ಮೆ ಹುಡುಗರ ಸರದಿ: ತೊಂಡೆಸೊಪ್ಪನ್ನು ಇದ್ದಿಲಿನ ಜೊತೆ ಅರೆದು ಕರಿಹಲಗೆಗೆ ಹಚ್ಚಬೇಕು. ಅವನ ಅಂಗಿಗೆ ಆ ಕಪ್ಪು ಹತ್ತಿದರೆ ಅಮ್ಮ ಕುಲ್ಸುಮ್ ಬೆನ್ನಿಗೆ ಎರಡು ಬಾರಿಸುತ್ತಿದ್ದಳು.

"ಈ ಬೋರ್ಡಿಗೆ ಕಪ್ಪು ಯಾರು ಹಚ್ಚೋದು?" ಕಚೇರಿಯ ಸೂಪರಿಂಟೆಂಡೆಂಟರನ್ನು ಕೇಳಿದ.

"ಅಂಗಡಿಯಿಂದ ಪೇಂಟ್ ತಂದು ಬಳಿಸ್ತೀವಿ ಸಾರ್. ಬೇಸಿಗೇಲಿ ಬಳಿಸಿದ್ದು."

"ಅಂಗಡಿ ಪೇಂಟು ನೀರಿಗೆ ಬಿಡಲ್ಲ. ಇದು ಬಿಟ್ಟಿದೆ."

ಸೂಪರಿಂಟೆಂಡೆಂಟರು ಭುಜ ಹಾರಿಸಿದರು. ನೂರುಲ್ಲಾ ಬಟ್ಟೆಯನ್ನು ಪಂಚರ ಮುಂದೆ ಕಟ್ಟಿಸಿ, ಅರಗಿನ ಮುದ್ರೆ ಹಾಕಿಸಿದ. ಸುಳ್ಳುಸುದ್ದಿ ಬರೆದು ಓಡಿಹೋಗುವ ತುಂಟನಿಗೆ ಸೊಪ್ಪು ಅರೆಯುವ ತಾಳ್ಮೆ ಎಲ್ಲಿಂದ ಬಂತು?

ಮಾರನೆಯ ದಿನ ಬೆಳಿಗ್ಗೆ ಸರ್ಕಲ್ ಸಾಹೇಬರ ಫೋನು.

"ಏನ್ ನೂರುಲ್ಲಾ, ಹುಡುಗನ ಅರೆಸ್ಟ್ ತೋರಿಸಿಲ್ವಂತೆ?"

"ಸಾಕ್ಷಿ ಇಲ್ಲ ಸಾರ್."

"ವೈಸ್ ಚಾನ್ಸಲರ್ ಕೂಗಾಡ್ತಿದಾರೆ. ನಾಡಿದ್ದರೊಳಗೆ ಮುಗಿಸು. ಹುಡುಗ ನಿಮ್ಮವನು ಅಂತ ಆಗಲೇ ಮಾತಾಡ್ಕೋತಿದಾರೆ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

ನೂರುಲ್ಲಾ ಫೋನಿಟ್ಟ. ಸಾಕ್ಷಿಯಿಲ್ಲದೆ ಹಿಡಿದರೆ ಹುಡುಗನ ಬಾಳು ಹಾಳು. ಬಿಟ್ಟರೆ ಜಾತಿಗಾಗಿ ಬಿಟ್ಟ ಎನ್ನುತ್ತಾರೆ. ಥೂ, ಇಪ್ಪತ್ತು ವರ್ಷ ಈ ಖಾಕಿ ತೊಟ್ಟಿದ್ದು ಇದಕ್ಕೇನಾ ಎನಿಸಿತು.

ಮನ್ಸೂರ್‌ನನ್ನು ಠಾಣೆಗೆ ಕರೆಸಿದ. ತೆಳ್ಳಗಿನ ಹುಡುಗ. ಬಂದವನೇ, "ಭಾಯ್‌ಸಾಬ್, ಮೈನೇ ಕುಚ್ ನೈಂ..." ಎಂದು ಉರ್ದುವಿನಲ್ಲಿ ಶುರುಮಾಡಿದ.

"ಕನ್ನಡದಲ್ಲೇ ಮಾತಾಡು," ಎಂದ ನೂರುಲ್ಲಾ ಗಡುಸಾಗಿ. "ಇಲ್ಲಿರೋರಿಗೆಲ್ಲ ಅರ್ಥ ಆಗ್ಬೇಕು. ಬೋರ್ಡಿನ ಮೇಲೆ ಬರೆದದ್ದು ನೀನಾ?"

"ಅಲ್ಲ ಸಾರ್. ಕೂಗಾಡಿದ್ದು ನಿಜ. ಹೊಟ್ಟೆ ಉರಿದಿತ್ತು, ಅಂದುಬಿಟ್ಟೆ. ಈಗ ಡಿಸ್ಮಿಸ್ ಮಾಡ್ತೀವಿ ಅಂತಿದಾರೆ. ನಮ್ಮಪ್ಪಂಗೆ ಗೊತ್ತಾದ್ರೆ ಸತ್ತೇ ಹೋಗ್ತಾರೆ."

"ಸೋಮವಾರ ಬೆಳಿಗ್ಗೆ ಬೋರ್ಡು ನೋಡಿದ್ಯಾ?"

"ನೋಡ್ದೆ. ಮಿರಮಿರ ಮಿಂಚ್ತಿತ್ತು. ಹೊಸದಾಗಿ ಕಪ್ಪು ಹಚ್ಚಿದ್ರಲ್ಲ, ಅದಕ್ಕೇ ಎಲ್ಲ ನಂಬಿದ್ದು."

ನೂರುಲ್ಲಾ ಮುಂದೆ ಬಾಗಿದ. "ಕಪ್ಪು ಹಚ್ಚಿದ್ರೆ ಯಾಕೆ ನಂಬಬೇಕು?"

"ಬಸಪ್ಪಣ್ಣನ ಪದ್ಧತಿ ಸಾರ್ ಅದು. ವೀರಬಸಪ್ಪ ಅಂತ ಅಟೆಂಡರು, ಧಾರವಾಡದ ಕಡೆಯವರು. ಮೊದಲಿಂದ ಬೋರ್ಡು ಬರೀತಿದ್ದದ್ದು ಅವರೇ. ಯಾರಾದ್ರೂ ಸತ್ರೆ ಹಳೇ ಬರಹದ ಕಲೆ ಮೇಲೆ ಅವರ ಹೆಸರು ಬರೀಬಾರದು ಅಂತ, ಮೊದಲು ಸೊಪ್ಪು ಅರೆದು ಪೂರ್ತಿ ಕಪ್ಪು ಹಚ್ಚೋರು. ಅದು ಕಂಡ್ರೆ ಸಾಕು, ಗಂಟೆ ಹೊಡೆಯೋನು ಓದೋಕೂ ನಿಲ್ತಿರಲಿಲ್ಲ."

"ಈಗೆಲ್ಲಿ ಅವನು?"

"ಫೆಬ್ರವರೀಲಿ ತೀರಿಕೊಂಡ್ರು. ಘಟಿಕೋತ್ಸವದ ವಾರ. ಏಣಿ ಮೇಲೆ ನಿಂತು ಬ್ಯಾನರ್ ಕಟ್ತಾ ಬಿದ್ದುಬಿಟ್ರು."

"ಅವನ ಹೆಸರಿಗೆ ಯಾರು ಹಚ್ಚಿದರು ಕಪ್ಪು?"

ಹುಡುಗ ತಲೆ ತಗ್ಗಿಸಿದ. "ಬರೀಲೇ ಇಲ್ಲ ಸಾರ್. ಘಟಿಕೋತ್ಸವದ ಹೊತ್ತಲ್ಲಿ ಅಶುಭ ಬೇಡ ಅಂದ್ರಂತೆ ವೆಂಕೋಬರಾಯರು. ಆಮೇಲೆ ಎಲ್ಲರೂ ಮರೆತರು. ನಾವೂ ಮರೆತ್ವಿ."

"ಮನೇಲಿ ಯಾರಿದಾರೆ?"

"ಹೆಂಡತಿ, ಚನ್ನಕ್ಕ ಅಂತ. ಅಲ್ಲೇ ಕಚೇರಿ ಗುಡಿಸ್ತಾರೆ, ದಿನಗೂಲಿ."

ಹುಡುಗನನ್ನು ಮನೆಗೆ ಕಳಿಸಿದ ಮೇಲೆ ಮುನಿಶಾಮಿ ಬಾಗಿಲಲ್ಲೇ ನಿಂತಿದ್ದ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಆಕೋಕೆ ಒಂಟಿದ್ರಲ್ಲ ಸಾಮಿ ಇವ್ರು!" ಎಂದ.

ನೂರುಲ್ಲಾನಿಗೆ ಎತ್ತು ಯಾವುದೆಂದು ಗೊತ್ತಾಗಿತ್ತು, ಗೊತ್ತಾಗದಿದ್ದರೇ ಚೆನ್ನಿತ್ತು ಎನಿಸುತ್ತಿತ್ತು. ಆಸ್ಪತ್ರೆಯಲ್ಲಿದ್ದ ಮುದುಕಿ ಚೇತರಿಸಿಕೊಂಡರೆ ವೆಂಕೋಬರಾಯರನ್ನು ಒಪ್ಪಿಸಿ, ಕ್ಷಮಾಪಣೆ ಹೇಳಿಸಿ, ಹೇಗಾದರೂ ಮುಗಿಸಬಹುದು ಎಂದು ಒಂದು ದಿನ ತಡೆದ.

ಬುಧವಾರ ಆಗಸ್ಟ್ ಹದಿನೈದು. ಠಾಣೆಯ ಮುಂದೆ ಬಾವುಟ ಏರಿಸಿ ಮಿಠಾಯಿ ಹಂಚುತ್ತಿದ್ದಾಗ ಆಸ್ಪತ್ರೆಯಿಂದ ಸುದ್ದಿ ಬಂತು. ದ್ರೌಪದಮ್ಮ, ವೆಂಕೋಬರಾಯರ ತಾಯಿ, ಕಣ್ಣು ತೆರೆಯದೆಯೇ ಹೋಗಿಬಿಟ್ಟಿದ್ದರು. ಪ್ರಕರಣಕ್ಕೆ ಇನ್ನೊಂದು ಸೆಕ್ಷನ್ ಸೇರಿತು: ದುಡುಕಿನ ಕೃತ್ಯದಿಂದ ಸಾವು.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ನೂರುಲ್ಲಾ ಮಹಿಳಾ ಪೇದೆ ಯಲ್ಲಮ್ಮನನ್ನೂ ಮುನಿಶಾಮಿಯನ್ನೂ ಕರೆದುಕೊಂಡು ಕ್ಯಾಂಪಸ್ಸಿನ ಹಿಂದಿನ ಕ್ವಾರ್ಟರ್ಸಿಗೆ ಹೋದ. ಕೊನೆಯ ಮನೆ. ಬೇಲಿಯ ತೊಂಡೆಬಳ್ಳಿ ಒಂದು ಮಗ್ಗುಲು ಪೂರ್ತಿ ಬೋಳು. ಹಿತ್ತಿಲಿನ ಒರಳುಕಲ್ಲಿನ ಗುಳಿಯಲ್ಲಿ ಕಪ್ಪು ಇನ್ನೂ ಅಂಟಿಕೊಂಡಿತ್ತು. ಅಡಗಿಸಿಡಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಚನ್ನಕ್ಕ ಹೊರಗೆ ಬಂದಳು. ಐವತ್ತರ ಹೆಂಗಸು, ಇಳಕಲ್ ಸೀರೆ, ಬೋಳು ಹಣೆ. ಪೊಲೀಸರನ್ನು ಕಂಡು ಹೆದರಲಿಲ್ಲ.

"ಬರ್ರಿ ಸಾಹೇಬ್ರ," ಎಂದಳು. "ನಾನ ಬರಬೇಕಂತಿದ್ದೆ, ಠಾಣೆ ಎಲ್ಲಿ ಅಂತ ಗೊತ್ತಿರಲಿಲ್ರಿ. ಆ ಅಮ್ಮಾರು ಹೆಂಗದಾರ್ರಿ?"

ನೂರುಲ್ಲಾ ಅದನ್ನು ಹೇಳದೆ ಮೊದಲು ಕೇಳಿದ. "ಬೋರ್ಡಿನ ಮೇಲೆ ಬರೆದದ್ದು ನೀವೇನಮ್ಮ?"

"ಹೂನ್ರಿ."

"ಬರಹ ಎಲ್ಲಿ ಕಲಿತ್ರಿ?"

"ಅವರ ಕಲಿಸಿದ್ರು. ಐತವಾರ ಹಲಿಗಿ ಖಾಲಿ ಇರ್ತಿತ್ತಲ್ರಿ, ಅದರ ಮ್ಯಾಲ ತಿದ್ದಸ್ತಿದ್ರು."

"ಯಾಕೆ ಬರೆದ್ರಿ?"

ಚನ್ನಕ್ಕ ಸೆರಗು ಎಳೆದುಕೊಂಡಳು. "ಸೋಮವಾರ ಎಲ್ಲಾರ್ಕಿಂತ ಮೊದಲ ಆ ಪ್ರೊಫೆಸರ್ರ ಬಂದು ಹಲಿಗಿ ಓದತಾರ್ರಿ. ಒಂದ ಒತ್ತಕ್ಷರ ತಪ್ಪಿದ್ರೂ ನನ್ನ ಗಂಡಗ ಮಂದಿ ಮುಂದ ಬೈತಿದ್ರು. ಅಂಥಾ ಗಂಡ ಸತ್ತಾಗ, ಒಂದ ಸಾಲು ಬರೀರಿ ಯಪ್ಪಾ ಅಂತ ಕಾಲ ಹಿಡಕೊಂಡೆ. ಅಶುಭ ಅಂದ್ರು. ಅದಕ್ಕ, ತನ್ನ ಸಾವು ತಾನ ಒಮ್ಮೆ ಓದಲಿ, ಎದಿ ಝಲ್ ಅನ್ನಲಿ, ಆಮ್ಯಾಲ ಅಳಿಸಿ ಒಗೀಲಿ ಅಂತ ಬರದೆ. ಅವರು ಊರಾಗಿಲ್ಲ ಅಂತ ನನಗ ಗೊತ್ತಿರಲಿಲ್ರಿ."

"ಅವರು ಬರಲಿಲ್ಲ. ನೀವಾದ್ರೂ ಅಳಿಸಬಹುದಿತ್ತಲ್ಲಮ್ಮ?"

ಚನ್ನಕ್ಕ ಬೋಳಾದ ಬೇಲಿಯ ಕಡೆ ನೋಡಿದಳು.

"ಒರಸಾಕ ಅರಿವಿ ತಗೊಂಡು ಓಡಿದ್ದೆ ರೀ. ಅಷ್ಟರಾಗ ಗಂಟಿ ಹೊಡದ್ರು. ಎಲ್ಲಾರೂ ಬಂದು ಸಾಲಾಗಿ ನಿಂತ್ರು. ಹೊಸಾ ಕಪ್ಪು, ಥೇಟ್ ಅವರು ಹಚ್ಚಿದಂಗ. ಯಾರೂ ಪಿಟ್ಟನ್ನಲಿಲ್ಲ. ನನಗ... ನನ್ನ ಗಂಡಗ ನಿಂತಾರ ಅನಿಸ್ತು ಸಾಹೇಬ್ರ. ಹುಚ್ಚಿ ನಾನು. ಆ ಎರಡ ನಿಮಿಷ ಬಿಟ್ಟುಕೊಡಾಕ ಮನಸ ಬರಲಿಲ್ಲ. ಆಮ್ಯಾಲ ಎಲ್ಲಾ ಕೈ ಮೀರಿ ಹೋತು."

ಯಲ್ಲಮ್ಮ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

"ಅಮ್ಮಾರು ಹೆಂಗದಾರಂತ ಹೇಳಲಿಲ್ಲ ನೀವು," ಎಂದಳು ಚನ್ನಕ್ಕ.

"ನಿನ್ನೆ ತೀರಿಕೊಂಡ್ರು."

ಚನ್ನಕ್ಕ ಕುಸಿದು ಹೊಸ್ತಿಲ ಮೇಲೆ ಕೂತಳು. "ಅಯ್ಯೋ ಶಿವನೇ! ಇವರು ಸತ್ತಾಗ ಈ ಮನಿಗೆ ಬಂದಾಕಿ ಅಕೀ ಒಬ್ಬಾಕೀನರಿ. ಮಗಗ ಹೇಳದ, ಬಸ್ ಹತ್ತಿ ಬಂದಿದ್ಲು. ಇಲ್ಲೇ ಕುಂತು ನನ್ನ ಕೈ ಹಿಡಕೊಂಡು ಅತ್ಲು. ಅಕೀನ್ನ ಕೊಂದ್ನೇನ್ರಿ ನಾನು?" ಎಂದು ಹಣೆ ಹಣೆ ಬಡಿದುಕೊಂಡಳು.

ಕೊಲೆಗಡುಕರನ್ನು ಹಿಡಿದು ತಂದು ಹೊಟ್ಟೆತುಂಬ ಉಂಡು ಮಲಗಿದವನು ನೂರುಲ್ಲಾ. ಅವತ್ತು ಮಾತ್ರ ಈ ಕೆಲಸವೇ ಬೇಡ ಎನಿಸಿತು. ಒರಳುಕಲ್ಲನ್ನು ಪಂಚರ ಮುಂದೆ ಜಪ್ತಿ ಮಾಡಿಸಿ, ಹೇಳಿಕೆ ಬರೆಸಿ, ಬಂಧನವನ್ನು ನಮೂದಿಸಿದ.

ಜೀಪು ಕಚೇರಿಯ ಮುಂದೆ ನಿಂತಿತ್ತು. ಅಲ್ಲಿಗೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು, ಬಿಡಿಬಿಡಿಯಾಗಿ. ಹಲಗೆಗೆ ಅಂಗಡಿಯ ಪೇಂಟು ಬಳಿದು ಬರೆದಿದ್ದರು: ಪ್ರೊ. ವೆಂಕೋಬರಾಯರ ಮಾತೃಶ್ರೀ ದ್ರೌಪದಮ್ಮನವರ ನಿಧನಕ್ಕೆ ಸಂತಾಪ, ಎರಡು ನಿಮಿಷ ಮೌನ. ಆ ಮುದುಕಿ ಈ ಕ್ಯಾಂಪಸ್ಸಿನಲ್ಲಿ ಒಂದು ದಿನವೂ ಕೆಲಸ ಮಾಡಿದವಳಲ್ಲ. ಚನ್ನಕ್ಕ ಯಲ್ಲಮ್ಮನ ಕೈ ಬಿಡಿಸಿಕೊಂಡು, ಎಲ್ಲರ ಹಿಂದೆ ನಿಂತು ಕೈ ಮುಗಿದಳು. ಮೌನ ಮುಗಿಯುವ ತನಕ ನೂರುಲ್ಲಾ ಅವಳನ್ನು ಕರೆಯಲಿಲ್ಲ. ಮುಗಿದ ಮೇಲೆ ತಾನೇ ಬಂದು ಜೀಪು ಹತ್ತಿದಳು.

ಜಾಮೀನಿಗೆ ವಿಶ್ವವಿದ್ಯಾಲಯದಿಂದ ಯಾರೂ ಬರಲಿಲ್ಲ. ಮನ್ಸೂರ್‌ಗೆ ಯಾರೂ ತಪ್ಪಾಯಿತು ಅನ್ನಲಿಲ್ಲ. ಕೃತ್ಯಕ್ಕೆ ಪ್ರೇರಣೆ ಏನೆಂದು ನೂರುಲ್ಲಾ ಕೇಸ್ ಡೈರಿಯಲ್ಲಿ ಒಂದು ಪುಟ ಬರೆದಿದ್ದ. ಸರ್ಕಲ್ ಸಾಹೇಬರು ಅದನ್ನು ಓದಿ, "ಹಳೇ ದ್ವೇಷ ಅಂತ ಬರಿಯಯ್ಯ, ಸಾಕು," ಎಂದರು.

ಮುಂದಿನ ಸೋಮವಾರ ಸಾಕ್ಷಿಗಳ ಹೇಳಿಕೆಗೆಂದು ನೂರುಲ್ಲಾ ಮತ್ತೆ ಕ್ಯಾಂಪಸ್ಸಿಗೆ ಹೋದ. ಹಲಗೆಯ ಮೇಲೆ ವಾರದ ಕಾರ್ಯಕ್ರಮ ಬಂದಿತ್ತು. ಮಂಗಳವಾರ ಉಪನ್ಯಾಸ, ಶುಕ್ರವಾರ ವಾಲಿಬಾಲ್. ಕೊನೆಯಲ್ಲಿ ಒಂದು ಪ್ರಕಟಣೆ: 'ಚನ್ನಕ್ಕ ಕೋಂ ದಿವಂಗತ ವೀರಬಸಪ್ಪ ಎಂಬುವರನ್ನು ದಿನಗೂಲಿ ಕೆಲಸದಿಂದ ತೆಗೆದುಹಾಕಲಾಗಿದೆ. ಕ್ವಾರ್ಟರ್ಸನ್ನು ತಿಂಗಳೊಳಗೆ ಖಾಲಿ ಮಾಡತಕ್ಕದ್ದು.'

ವೀರಬಸಪ್ಪನ ಹೆಸರು ಕಡೆಗೂ ಹಲಗೆಗೆ ಬಂದಿತ್ತು. ಹುಡುಗರು ವಾಲಿಬಾಲ್ ಎಷ್ಟು ಗಂಟೆಗೆಂದು ಓದಿಕೊಂಡು ಕ್ಲಾಸಿಗೆ ಹೋದರು. ನೂರುಲ್ಲಾ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಅಲ್ಲೇ ನಿಂತ.

"ಸಾಮಿ, ಓಗಾನ," ಎಂದ ಮುನಿಶಾಮಿ.

"ಎರಡು ನಿಮಿಷ ಇರಯ್ಯ," ಎಂದ ನೂರುಲ್ಲಾ.