ಸಮಾಮಿಶ್ ಮನೆಯ ನಲ್ಲಿ ಮುಚ್ಚಿದವರು

"ತಪ್ಪು ಮಾಡಿದ್ದು ನಾನೇ ಅಂತ ನೀವು ಸಾಬೀತು ಮಾಡಿಕೊಡಬೇಕು ಕಣಮ್ಮ," ಎಂದರು ರಾಧಮ್ಮ, ಇನ್ನೂ ಹೊಸ್ತಿಲಲ್ಲೇ ನಿಂತು.

ಬಾಗಿಲು ತೆರೆದ ಮಾಧವಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಈಸ್ಟ್‌ಗೇಟ್‌ನ ಆ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದುಕೊಂಡು, ಬಿಡುವಾದಾಗ ಮನೆಯೊಡತಿ ಇಂದಿರಾ ಅವರಿಗೆ ಕಾರು ಓಡಿಸುತ್ತ, ಅವರ ಬಳಿ ಗುಟ್ಟಿನ ಕಷ್ಟ ಹೇಳಿಕೊಂಡು ಬರುವವರನ್ನು ಅವಳು ಸಾಕಷ್ಟು ಕಂಡಿದ್ದಳು. ಬಂದವರೆಲ್ಲ "ನಾನಲ್ಲ" ಎನ್ನಲು ಬಂದವರೇ. ತಪ್ಪು ಹೊರಿಸಿ ಎಂದು ಕೇಳಿಕೊಂಡು ಬಂದ ಹಿರಿಯರನ್ನು ನೋಡಿದ್ದು ಇದೇ ಮೊದಲು.

"ಒಳಗೆ ಬನ್ನಿ ರಾಧಮ್ಮ. ಏನು ತಪ್ಪು?" ಎಂದರು ಇಂದಿರಾ, ಕನ್ನಡಕವನ್ನು ಹಣೆಗೇರಿಸಿ.

"ನನ್ನ ದೊಡ್ಡ ಮಗ ಗುರುಪ್ರಸಾದನ ಮನೇಲಿ ನೀರು ನುಗ್ಗಿದ್ದು ನನ್ನಿಂದಾನೇ. ನಲ್ಲಿ ಮುಚ್ಚಿದೋಳು ನಾನು. ಅವನು ನೋಡಿದ್ರೆ ಚಿಕ್ಕೋನು ರಘು ಮೇಲೆ ಹಾಕ್ತಾವ್ನೆ. ಮನೆಗೇ ಬರಬೇಡ ಅಂದುಬಿಟ್ಟವ್ನೆ."

ಮಾತು ಮುಗಿಯುವ ಮೊದಲೇ ಹಿಂದಿನಿಂದ ಒಬ್ಬ ಯುವಕ ಹಿಮ ಮೆತ್ತಿದ ಬೂಟಿನಲ್ಲೇ ಮೆಟ್ಟಿಲು ಹತ್ತಿ ಬಂದ. "ಆಂಟಿ, ಅಮ್ಮನ ಮಾತು ನಂಬಬೇಡಿ. ನಲ್ಲಿ ಕ್ಲೋಸ್ ಮಾಡಿದ್ದು ನಾನು," ಎಂದ. ಅವನೇ ರಘು.

ಮಾಧವಿ ಒಮ್ಮೆ ತಾಯಿಯನ್ನು, ಒಮ್ಮೆ ಮಗನನ್ನು ನೋಡಿದಳು. ಒಂದು ನಲ್ಲಿಯನ್ನು ಇಬ್ಬರು ಮುಚ್ಚುವುದು ಹೇಗೆ? ಇಂದಿರಾ ಮಾತ್ರ ಏನೂ ವಿಚಿತ್ರವಿಲ್ಲವೆಂಬಂತೆ ಕೋಟು ಹಾಕಿಕೊಳ್ಳತೊಡಗಿದರು. ಎಪ್ಪತ್ತರ ದಶಕದಲ್ಲಿ ಈ ದೇಶಕ್ಕೆ ಓದಲು ಬಂದು, ವಿಮಾನದ ಮುರಿದ ಭಾಗಗಳನ್ನು ಮುಂದಿಟ್ಟುಕೊಂಡು ಅವು ಏಕೆ ಮುರಿದವೆಂದು ಹೇಳುವ ಕೆಲಸದಲ್ಲೇ ಆಯಸ್ಸು ಕಳೆದು ನಿವೃತ್ತರಾದವರು ಅವರು.

"ಮಾಧವಿ, ಕಾರಿನ ಕೀ ತಗೋ. ಮೊದಲು ಆ ಪೈಪನ್ನ ನೋಡೋಣ. ಜನರ ಮಾತು ಆಮೇಲೆ ಕೇಳಬಹುದು," ಎಂದರು.

ಅದು ೨೦೦೮ರ ಡಿಸೆಂಬರಿನ ಕೊನೆ. ಮಳೆಗಷ್ಟೇ ಒಗ್ಗಿಹೋಗಿದ್ದ ಊರಿನ ಮೇಲೆ ಎರಡು ವಾರ ಹಿಮ ಬಿದ್ದು, ಗಟ್ಟಿಯಾಗಿ, ಮತ್ತೆ ಬಿದ್ದು, ಈಗಷ್ಟೇ ಕರಗಲು ಶುರುವಾಗಿತ್ತು. ಗುರುಪ್ರಸಾದನ ಮನೆಯಿದ್ದ ಸಮಾಮಿಶ್ ಗುಡ್ಡದ ರಸ್ತೆಯ ಇಕ್ಕೆಲದಲ್ಲೂ ಕೊಳಕು ಹಿಮದ ರಾಶಿ. ರಘು ತಾಯಿಯನ್ನು ಕೂರಿಸಿಕೊಂಡು ತನ್ನ ಕಾರಿನಲ್ಲಿ ಹಿಂದೆ ಬರುತ್ತಿದ್ದ. ಅಣ್ಣನ ಮನೆ ಮುಂದೆ ನಿಲ್ಲಿಸಿ ತಾಯಿಯನ್ನು ಒಳಗೆ ಕಳಿಸಿದನೇ ಹೊರತು ತಾನು ಇಳಿಯಲಿಲ್ಲ.

ಒಳಗೆ ಹೆಜ್ಜೆಯಿಟ್ಟರೆ ಕಿವಿ ಕಿವುಡಾಗುವಂತೆ, ಒದ್ದೆ ಒಣಗಿಸುವ ದೊಡ್ಡ ಫ್ಯಾನುಗಳು ತಿರುಗುತ್ತಿದ್ದವು. ಹಾಲಿನ ಕಾರ್ಪೆಟ್ ಕಿತ್ತು ಸುರುಳಿ ಸುತ್ತಿಟ್ಟಿತ್ತು. ಅಡುಗೆಮನೆಯ ಮರದ ನೆಲ ಉಬ್ಬಿ ದೋಣಿಯ ಬೆನ್ನಿನಂತಾಗಿತ್ತು. ಗುರುಪ್ರಸಾದ್ ಒದ್ದೆ ಗೋಡೆಗೆ ಒರಗದೆ, ಕೂರದೆ, ಓಡಾಡುತ್ತಲೇ ಮಾತನಾಡಿದ.

"ನಾನು ಏನು ಕಡಿಮೆ ಮಾಡಿದ್ದೆ ಹೇಳಿ ಆಂಟಿ! ಹೊರಗಿನ ನಲ್ಲಿಗಳಿಗೆ ಚಳಿ ತಾಗದ ಹಾಗೆ ಫೋಮ್ ಟೋಪಿ ಹಾಕಿದ್ದೆ. ತೋಟದ ಹೋಸ್ ಬಿಚ್ಚಿ ಇಟ್ಟಿದ್ದೆ. ಮನೆ ಕೆಳಗೆ ಗಾಳಿ ಹೋಗೋ ಕಿಂಡಿಗಳನ್ನೆಲ್ಲ ಮುಚ್ಚಿದ್ದೆ. ಹೀಟಿಂಗ್ ಆಫ್ ಮಾಡದೆ ಐವತ್ತೈದು ಫ್ಯಾರನ್‌ಹೀಟಿಗೆ ಇಟ್ಟಿದ್ದೆ. ಈ ಸಿಂಕ್ ಇರೋದು ಉತ್ತರದ ಹೊರಗೋಡೆಗೆ, ಪೈಪ್ ಗೋಡೆ ಒಳಗೇ ಹೋಗುತ್ತೆ ಅಂತ ಗೊತ್ತಲ್ವಾ, ಅದಕ್ಕೇ ಕೆಳಗಿನ ಕಪಾಟಿನ ಬಾಗಿಲು ತೆಗೆದಿಟ್ಟಿದ್ದೆ, ಬೆಚ್ಚನೆ ಗಾಳಿ ಆಡಲಿ ಅಂತ."

"ನಲ್ಲಿ?"

"ಅದೂ ಆಯ್ತು. ಹೊರಡೋ ದಿನ ಬೆಳಿಗ್ಗೆ ಕೊನೇ ಗುಟುಕು ಕಾಫಿ ಕುಡಿದು, ಲೋಟ ಸಿಂಕಲ್ಲಿಟ್ಟು, ನಲ್ಲಿ ಸ್ವಲ್ಪ ಬಿಟ್ಟೆ. ಹನಿ ಆ ಲೋಟದೊಳಗೇ ಟಪ್ ಟಪ್ ಅಂತ ಬೀಳೋದನ್ನ ಕೇಳಿಸಿಕೊಂಡೇ ಹೊರಗೆ ಹೋಗಿದ್ದು. ನೀರು ಹರೀತಾ ಇದ್ರೆ ಹೆಪ್ಪುಗಟ್ಟಲ್ಲ. ಕಾರಿನ ಗಾಜಿನ ಮೇಲೆ ಐಸ್ ಕೆರೆದೆ, ಪ್ರತಿಭಾ ಮರೆತಿದ್ದ ಶಾಲು ತರೋಕೆ ಒಳಗೆ ಹೋಗಿಬಂದಳು, ಬೀಗ ಹಾಕಿದ್ವಿ, ಏರ್‌ಪೋರ್ಟಿಗೆ ಹೋದ್ವಿ. ಸ್ಯಾನ್ ಹೊಸೆಯಲ್ಲಿ ಅವಳ ಅಕ್ಕನ ಗೃಹಪ್ರವೇಶ. ಅಮ್ಮನ್ನ ಹಿಂದಿನ ದಿನಾನೇ ಫ್ಯಾಕ್ಟೋರಿಯಾಕ್ಕೆ, ರಘು ಅಪಾರ್ಟ್‌ಮೆಂಟಿಗೆ ಬಿಟ್ಟಿದ್ದೆ. ಮನೆ ನೋಡ್ಕೊಳ್ಳೋಕೆ ಅವನಿಗೆ ಕೀ ಕೊಟ್ಟೆ. ನೋಡ್ಕೊಂಡ ಚೆಂದ ನೋಡಿ! ವಾಪಸ್ ಬಂದರೆ ನಲ್ಲಿ ಮುಚ್ಚಿದೆ, ಕಪಾಟಿನ ಬಾಗಿಲು ಮುಚ್ಚಿದೆ, ಪೈಪ್ ಒಡೆದಿದೆ."

"ನೀರು ಕಂಡದ್ದು ಯಾವಾಗ?"

"ಶನಿವಾರ, ಹಿಮ ಕರಗಿದ ದಿನ. ರಘುನೇ ಬಂದು ನೋಡಿದ್ದಂತೆ. ಗ್ಯಾರೇಜಿನ ಮೇನ್ ವಾಲ್ವ್ ಮುಚ್ಚಿ ನಂಗೆ ಕಾಲ್ ಮಾಡಿದ. ಹಿಂದಿನ ದಿನ ಸಂಜೆ ಬಂದಾಗ ಎಲ್ಲಾ ಒಣಗಿತ್ತು ಅಂತಾನೆ. ಅಂದ್ರೆ ಅವತ್ತು ಸಂಜೆ ಏನೋ ಮಾಡಿದಾನೆ! ಜನವರಿಯಲ್ಲಿ ಈ ಮನೆ ಕೈ ಬದಲಾಗಬೇಕಿತ್ತು ಆಂಟಿ. ಇಲ್ಲಿನ ಕೆಲಸ ಬಿಟ್ಟು ಹೂಸ್ಟನ್ನಲ್ಲಿ ಕೆಲಸಕ್ಕೆ ಒಪ್ಪಿಕೊಂಡಿದೀನಿ. ಈಗ ಕೊಳ್ಳೋರು ಹಿಂದೆ ಸರಿದಿದ್ದಾರೆ."

ಅಷ್ಟರಲ್ಲಿ ಬಾಗಿಲು ತೆರೆದು ಅವನ ಹೆಂಡತಿ ಪ್ರತಿಭಾ ಬಂದಳು. ವಿಶ್ವವಿದ್ಯಾಲಯದ ಗುರುತಿನ ಚೀಟಿ ಇನ್ನೂ ಕೊರಳಲ್ಲೇ ತೂಗುತ್ತಿತ್ತು. ರಜೆಯ ದಿನವೂ ಲ್ಯಾಬಿಗೆ ಹೋಗಬೇಕೇ ಎಂದು ಇಂದಿರಾ ಕೇಳಿದರು. "ನಾವು ಬೆಳೆಸೋ ಜೀವಕೋಶಗಳಿಗೆ ರಜೆ ಗೊತ್ತಾಗಲ್ಲ ಆಂಟಿ. ಎರಡು ದಿನಕ್ಕೊಮ್ಮೆ ಊಟ ಹಾಕ್ಬೇಕು," ಎಂದು ನಗಲು ನೋಡಿದಳು.

"ಎಂಟು ವರ್ಷ, ಕೆಲಸ ಮಾಡೋ ಹಾಗಿಲ್ಲದ ವೀಸಾ ದೆಸೆಯಿಂದ ಮನೇಲಿದ್ದಳು. ಈ ಬೇಸಿಗೆಯಲ್ಲಿ ಸಿಕ್ಕಿದ ಕೆಲಸ," ಎಂದ ಗುರುಪ್ರಸಾದ್. "ಹೂಸ್ಟನ್ನಲ್ಲೂ ಏನಾದರೂ ಸಿಕ್ಕತ್ತೆ ಬಿಡಿ."

ಪ್ರತಿಭಾ ಕೊರಳಿನ ಚೀಟಿಯನ್ನು ತೆಗೆಯದೆ ಕಿಟಕಿಯ ಕಡೆ ಹೋದಳು.

ಇಂದಿರಾ ಸಿಂಕಿನ ಬಳಿ ಹೋದರು. ನೀರು ಒಣಗಿಸಲು, ಪೈಪ್ ಸರಿಪಡಿಸಲು ಬೇಕಾದಷ್ಟನ್ನು ಬಿಟ್ಟು, ತಾವು ಬಂದು ನೋಡುವವರೆಗೆ ಬೇರೇನನ್ನೂ ಮುಟ್ಟಬಾರದೆಂದು ವಿಮೆಯವರು ಹೇಳಿದ್ದರಿಂದ ಸಿಂಕು ಇದ್ದ ಹಾಗೇ ಇತ್ತು. ಗೋಡೆಯಿಂದ ಕತ್ತರಿಸಿ ತೆಗೆದ ತಾಮ್ರದ ಪೈಪಿನ ತುಂಡು ಕಟ್ಟೆಯ ಮೇಲಿತ್ತು. ಉಬ್ಬಿದ ಕಡೆ ಉದ್ದಕ್ಕೆ ಬಿರಿದು, ಅಂಚುಗಳು ಹೊರಕ್ಕೆ ತೆರೆದುಕೊಂಡಿದ್ದವು. ಇಂದಿರಾ ಅದನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. ಸಿಂಕಿನೊಳಗೆ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ರಾಧಮ್ಮನನ್ನು ಪಕ್ಕಕ್ಕೆ ಕರೆದರು.

"ನೀವು ಇಲ್ಲಿಗೆ ಬಂದದ್ದು ಯಾವತ್ತು?"

"ಇವರು ಹೋದ ನಾಕೈದು ದಿನಕ್ಕೆ. ಹಿಮ ಹೊಯ್ತಿತ್ತು. ದೇವರ ದೀಪ ಹಚ್ಚಿ ಬರೋಣ ಅಂತ ರಘು ಜೊತೆ ಬಂದೆ. ದೀಪದ ಕಂಬ ತೊಳೆಯೋಕೆ ಈ ನಲ್ಲಿ ತಿರುವಿದೆ, ನೀರೇ ಬರಲಿಲ್ಲ. ನಿಲ್ಲಿಸಿ ಹೋಗಿದಾರೇನೋ ಅಂದ್ಕೊಂಡು ಮತ್ತೆ ಮುಚ್ಚಿದೆ. ಬಚ್ಚಲಿಂದ ನೀರು ತಂದೆ. ಹಂಗೆ ಮುಚ್ಚಬಾರದಿತ್ತಂತೆ. ನನಗೇನು ಗೊತ್ತು?"

"ನೋಡಿದ್ರಾ? ಮುಚ್ಚಿದ್ದು ಅಮ್ಮ!" ಎಂದ ಗುರುಪ್ರಸಾದ್ ದೂರದಿಂದಲೇ. "ಅದನ್ನ ನೋಡಿಯೂ ರಘು ಸುಮ್ಮನಿದ್ದ!"

ಮಾಧವಿಗೆ ತಲೆ ಕೆಟ್ಟುಹೋಯಿತು. ರಾಧಮ್ಮ ಮುಚ್ಚಿದ್ದು ಹಿಮ ಬೀಳುವಾಗ. ನೀರು ಬಂದದ್ದು ಎಷ್ಟೋ ದಿನ ಆದ ಮೇಲೆ, ಅದೂ ಚಳಿ ಬಿಟ್ಟ ದಿನ. ಚಳಿಯಲ್ಲಿ ಗಟ್ಟಿಯಾಗಿದ್ದ ಪೈಪು ಬೆಚ್ಚಗಾದಾಗ ಒಡೆಯುವುದೆಂದರೇನು? ಅವಳು ಇಂದಿರಾ ಕಿವಿಯಲ್ಲಿ ಪಿಸುಗುಟ್ಟಿದಳು: "ಆಂಟಿ, ಮನೆ ಮಾರೋ ಏಜೆಂಟ್ ಹತ್ರಾನೂ ಕೀ ಇರುತ್ತಲ್ವಾ? ಅವರೇನಾದ್ರೂ..."

"ಸಿಂಕಲ್ಲಿರೋ ಲೋಟ ನೋಡಿದೆಯಾ?"

ಮಾಧವಿ ಹೋಗಿ ನೋಡಿದಳು. ಗುರುಪ್ರಸಾದನ ಸ್ಟೀಲ್ ಲೋಟ ನೆಟ್ಟಗೆ, ನಲ್ಲಿಯ ಬಾಯಿಗೆ ಸರಿಯಾಗಿ ಕೆಳಗೇ ನಿಂತಿತ್ತು. ತಳದಲ್ಲಿ ಕಾಫಿ ಒಣಗಿ ಕಪ್ಪಗೆ ಗಟ್ಟಿಯಾಗಿತ್ತು. ಸುತ್ತ ಹಾಲಿನ ಕೆನೆಯ ಗೆರೆ.

"ಏನಿದೆ?"

"ಕಾಫಿ ಇದೆ, ಒಣಗಿಹೋಗಿದೆ."

"ಅಷ್ಟೇ," ಎಂದರು ಇಂದಿರಾ. ಅವರ ಮುಖ ಸಪ್ಪಗಾಗಿತ್ತು. "ಹೋಗಿ ರಘುನ ಒಳಗೆ ಕರ್ಕೊಂಡು ಬಾ. ಅಣ್ಣ ಬೇಡ ಅಂದ್ರೂ ನಾನು ಕರೆದೆ ಅಂತ ಹೇಳು."

ರಘು ಬಂದು ಬಾಗಿಲ ಪಕ್ಕ ನಿಂತ. ಅಣ್ಣ ಮುಖ ತಿರುಗಿಸಿದ. ಇಂದಿರಾ ತಾವೇ ಹೋಗಿ ಫ್ಯಾನುಗಳನ್ನು ಒಂದೊಂದಾಗಿ ಆರಿಸಿದರು. ಇದ್ದಕ್ಕಿದ್ದಂತೆ ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಸೂರಿನಿಂದ ಹಿಮ ಕರಗಿ ತೊಟ್ಟಿಕ್ಕುವುದು ಕೇಳಿಸುತ್ತಿತ್ತು.

"ಮೊದಲು ಪೈಪಿನ ಮಾತು," ಎಂದು ಇಂದಿರಾ ಶುರುಮಾಡಿದರು. "ನೀರು ಬಂದ ದಿನವೇ ಪೈಪ್ ಒಡೆಯಿತು ಅಂತ ಎಲ್ಲರೂ ಅಂದುಕೊಂಡಿದ್ದೀರಿ. ಅದೇ ತಪ್ಪು. ನೀರು ಹೆಪ್ಪುಗಟ್ಟಿದಾಗ ಹಿಗ್ಗುತ್ತೆ. ಮುಚ್ಚಿದ ನಲ್ಲಿಗೂ ಐಸಿಗೂ ನಡುವೆ ಸಿಕ್ಕಿಕೊಂಡ ನೀರಿಗೆ ಹೋಗೋಕೆ ದಾರಿ ಇರಲ್ಲ, ಅದು ತಾಮ್ರವನ್ನೇ ಸೀಳುತ್ತೆ. ಆದರೆ ಸೀಳಿದ ಮೇಲೂ ಆ ಐಸೇ ಬಿರಡೆಯ ಹಾಗೆ ಕೂತಿರುತ್ತೆ. ಒಂದು ತೊಟ್ಟೂ ಹೊರಗೆ ಬರಲ್ಲ. ಕರಗಿದ ದಿನ ಮನೆಯೆಲ್ಲ ನೀರು. ಹಾಗಾಗಿ ಶುಕ್ರವಾರ ಸಂಜೆ ರಘು ಒಣನೆಲ ನೋಡಿದ್ದು ನಿಜ, ಶನಿವಾರ ಪ್ರವಾಹ ನೋಡಿದ್ದೂ ನಿಜ. ನೀರು ಬರೋದಕ್ಕೆ ಅವನು ಏನೂ ಮಾಡಬೇಕಾಗಿರಲಿಲ್ಲ."

"ಮತ್ತೆ ಅವನೇ ಯಾಕೆ ಒಪ್ಪಿಕೊಂಡ?" ಎಂದ ಗುರುಪ್ರಸಾದ್.

"ಅಮ್ಮ ನಲ್ಲಿ ಮುಚ್ಚೋದನ್ನ ನೋಡಿದ್ದ. ತಪ್ಪು ಅವರ ಮೇಲೆ ಬರಬಾರದು ಅಂತ. ಅವನ ಮೇಲೆ ಬರಬಾರದು ಅಂತ ಅವರು. ಅಲ್ವಾ ರಘು?"

ರಘು ತಲೆ ತಗ್ಗಿಸಿದ. ರಾಧಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು.

"ಆದರೆ ರಾಧಮ್ಮನ ಮಾತನ್ನ ಯಾರೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅವರು ತೊಟ್ಟಿಕ್ಕೋ ನಲ್ಲೀನ ಮುಚ್ಚಲಿಲ್ಲ. ಮುಚ್ಚಿದ್ದ ನಲ್ಲೀನ ತಿರುವಿದರು, ನೀರು ಬರಲಿಲ್ಲ. ಬಚ್ಚಲಲ್ಲಿ ನೀರಿತ್ತು, ಇಲ್ಲಿರಲಿಲ್ಲ. ಅಂದರೆ ಅವರು ಬರೋ ಹೊತ್ತಿಗೇ ಈ ಪೈಪ್ ಹೆಪ್ಪುಗಟ್ಟಿತ್ತು. ನಲ್ಲಿ ಅದಕ್ಕೂ ಮೊದಲೇ ಮುಚ್ಚಿತ್ತು. ಎಷ್ಟು ಮೊದಲು? ಅದನ್ನ ಈ ಲೋಟ ಹೇಳುತ್ತೆ." ಅವರು ಸಿಂಕಿನ ಕಡೆ ಕೈ ತೋರಿಸಿದರು. "ಗುರು, ಹನಿ ಲೋಟದೊಳಗೆ ಬೀಳ್ತಿತ್ತು ಅಂದೆ. ಒಂದು ಗಂಟೆ ಹಾಗೆ ಬಿದ್ದಿದ್ದರೂ ಲೋಟ ತುಂಬಿ, ಚೆಲ್ಲಿ, ಕಾಫಿ ಎಲ್ಲ ತೊಳೆದುಹೋಗ್ತಿತ್ತು. ಲೋಟದ ತಳದಲ್ಲಿ ಉಳಿದ ಕಾಫಿ ಹಾಗೇ ಒಣಗಿದೆ. ನೀನು ಬಿಟ್ಟ ನಲ್ಲಿಯನ್ನ ನೀನು ಹೊರಗೆ ಹೋದ ಕೂಡಲೇ ಯಾರೋ ಮುಚ್ಚಿದ್ದಾರೆ. ಬೀಗ ಬೀಳೋದಕ್ಕೂ ಮೊದಲು."

ಗುರುಪ್ರಸಾದ್ ಏನನ್ನೋ ನೆನಪಿಸಿಕೊಂಡವನಂತೆ ಹೆಂಡತಿಯ ಕಡೆ ನೋಡಿದ. ಇಂದಿರಾ ಯಾರ ಹೆಸರನ್ನೂ ಹೇಳಲಿಲ್ಲ.

"ಶಾಲು ನನ್ನ ಬ್ಯಾಗಲ್ಲೇ ಇತ್ತು," ಎಂದಳು ಪ್ರತಿಭಾ.

ರಾಧಮ್ಮ ಸೊಸೆಯ ಕಡೆ ತಿರುಗಿದರು.

"ಸಿಂಕ್ ಕೆಳಗೆ ಸ್ವಲ್ಪ ನೀರು ಬರುತ್ತೆ, ರಿಪೇರಿ ಅಂತ ಎರಡು ತಿಂಗಳು ಮನೆ ಮಾರೋದು ಮುಂದೆ ಹೋಗುತ್ತೆ, ಅಷ್ಟರಲ್ಲಿ ಇವರ ಮನಸ್ಸು ಬದಲಾಗಬಹುದು ಅಂದ್ಕೊಂಡೆ. ನಲ್ಲಿ ಮುಚ್ಚಿದೆ, ಕಪಾಟಿನ ಬಾಗಿಲೂ ಮುಚ್ಚಿದೆ. ಹೀಗಾಗುತ್ತೆ ಅಂತ ಗೊತ್ತಿರಲಿಲ್ಲ." ಅವಳು ಕೊರಳಿನ ಚೀಟಿಯ ದಾರವನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು.

"ನಂಗೆ ಒಂದು ಮಾತು ಹೇಳಬಹುದಿತ್ತಲ್ಲ!" ಎಂದ ಗುರುಪ್ರಸಾದ್.

"ಹೇಳಿದ್ದೆ. ಮನೆ ಮಾರಾಟದ ಬೋರ್ಡ್ ಹಾಕಿದ ದಿನ ಹೇಳಿದೆ. ಕೊಳ್ಳೋರು ನೋಡೋಕೆ ಬಂದ ದಿನ ಹೇಳಿದೆ. ನಾನು ಬರಲ್ಲ, ನಂಗೆ ಈ ಕೆಲಸ ಬೇಕು ಅಂತ. ನೀವು 'ಸರಿ ಸರಿ, ಆ ಫೋಮ್ ಟೋಪಿ ಎಲ್ಲಿಟ್ಟೆ' ಅಂದಿರಿ."

ಗುರುಪ್ರಸಾದ್ ಉಬ್ಬಿದ ನೆಲದ ಮೇಲೇ ಕುಳಿತುಬಿಟ್ಟ.

ಮೊದಲು ಮಾತನಾಡಿದವರು ರಾಧಮ್ಮ. "ಮನೆ ಹೋದ್ರೆ ಹೋಗ್ಲಿ. ನನ್ನ ಮಗನ್ನ ಬಾಗಿಲಾಚೆ ನಿಲ್ಲಿಸಿದಾಗ ನೀನು ಸುಮ್ನಿದ್ಯಲ್ಲ, ಅದನ್ನ ನಾನು ಹೆಂಗೆ ಮರೀಲಿ?"

"ಮರೀಬೇಡಿ ಅತ್ತೆ," ಎಂದಳು ಪ್ರತಿಭಾ. ಆಗ ಅವಳು ಅತ್ತಳು.

ಇಂದಿರಾ ಹೊರಡುವ ಮುನ್ನ ಹೇಳಿದ್ದು ಒಂದೇ. "ಗುರು, ಮನೆಯವರೇ ಬೇಕಂತ ಮಾಡಿದ್ದು ಅಂತ ಗೊತ್ತಿದ್ದೂ ವಿಮೆ ಕೇಳಿದರೆ ಅದು ಮೋಸ. ಇಷ್ಟು ಹೊತ್ತು ಅದು ನಿನ್ನ ತಪ್ಪಾಗಿರಲಿಲ್ಲ." ಗುರುಪ್ರಸಾದ್ ಬಹಳ ಹೊತ್ತು ಫೋನನ್ನು ಕೈಯಲ್ಲಿ ಹಿಡಿದುಕೊಂಡಿದ್ದ. ಕಡೆಗೆ ಅವರೆದುರೇ ವಿಮೆಯವರಿಗೆ ಕರೆ ಮಾಡಿ, ನಡೆದದ್ದನ್ನು ಹೇಳಿ, ಅರ್ಜಿ ವಾಪಸ್ ತೆಗೆದುಕೊಂಡ. ಹೆಂಡತಿಯ ಹೆಸರು ಹೇಳುವಾಗ ಒಮ್ಮೆ ತಡೆದ, ಅಷ್ಟೇ.

ಗುಡ್ಡ ಇಳಿಯುವಾಗ ಮಾಧವಿಗೆ ಬಂದಾಗಿದ್ದಕ್ಕಿಂತ ಹೆಚ್ಚು ಗೊಂದಲ. ಯಾರು ಮಾಡಿದರೆಂದು ತಿಳಿದ ಮೇಲೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೂ ತಿಳಿಯಬೇಕಿತ್ತಲ್ಲವೇ? ಅವಳು ಹಾಗೆಂದು ಕೇಳಿದಳು.

"ನಂಗೂ ತಿಳಿದಿಲ್ಲ ಕಣೆ," ಎಂದರು ಇಂದಿರಾ. "ಬ್ರೇಕ್ ನಿಧಾನಕ್ಕೆ ಒತ್ತು, ಜಾರುತ್ತೆ."

ಮನೆ ಮಾರಿ ಹೊತ್ತಿಗೆ ಹೋಗಲಾಗದೆ ಹೂಸ್ಟನ್ನಿನ ಕೆಲಸ ಬೇರೆಯವರ ಪಾಲಾಯಿತು. ಗುರುಪ್ರಸಾದ್ ಬೇಸಿಗೆಯವರೆಗೂ ಕೆಲಸವಿಲ್ಲದೆ ಮನೆಯಲ್ಲಿದ್ದ. ಅಣ್ಣತಮ್ಮಂದಿರು ಸೇರಿ ಅಡುಗೆಮನೆಯ ನೆಲವನ್ನು ತಾವೇ ಹಾಸಿದರು. ಅದು ಒಂದು ಕಡೆ ಸ್ವಲ್ಪ ಓರೆಯಾಗಿಯೇ ಉಳಿಯಿತು. ರಾಧಮ್ಮ ಸೊಸೆಯೊಡನೆ ಮಾತು ಬಿಟ್ಟಿದ್ದರು. ಆದರೆ ಫೆಬ್ರವರಿಯ ಒಂದು ಬೆಳಿಗ್ಗೆ ಪ್ರತಿಭಾ ಲ್ಯಾಬಿಗೆ ಹೊರಡಲು ಇಳಿದು ಬಂದಾಗ, ಕಟ್ಟೆಯ ಮೇಲೆ ಅವಳ ಡಬ್ಬಿ ಕಟ್ಟಿಟ್ಟಿತ್ತು, ಚಿತ್ರಾನ್ನದ ಮೇಲೆ ಅವಳಿಗಿಷ್ಟವಾದ ಹುರಿದ ಗೋಡಂಬಿಯೂ ಇತ್ತು. ರಾಧಮ್ಮ ಬೆನ್ನು ತಿರುಗಿಸಿ ಒಲೆಯ ಮುಂದೆ ನಿಂತಿದ್ದರು. ಮರುದಿನವೂ ಡಬ್ಬಿ ಇತ್ತು, ಅದರ ಮರುದಿನವೂ. ಮಾತು ಬಂದದ್ದು ಅದಕ್ಕೂ ಎಷ್ಟೋ ದಿನಗಳ ಮೇಲೆ.