ಬಿಚ್ಚದ ಗಂಟು

ಬೆಳಿಗ್ಗೆ ವಿಜ್ಞಾನದ ಕೋಣೆಯ ಬೀಗ ತೆಗೆದಾಗ ಅಳತೆಯ ಜಾಡಿಯಲ್ಲಿ ನೀರಿತ್ತು, ದಾರವಿತ್ತು. ಕಲ್ಲಿರಲಿಲ್ಲ.

ಅಂತಿಂಥ ಕಲ್ಲಲ್ಲ. ಹಳೆಯ ವಿದ್ಯಾರ್ಥಿಯೊಬ್ಬರು ಹೊಳೆಯ ಮರಳಿನಲ್ಲಿ ಹೆಕ್ಕಿ ಶಾಲೆಗೆ ಕೊಟ್ಟಿದ್ದ ಬಿಳಿ ಪುಷ್ಯರಾಗ. ಹೆಡ್‌ಮಾಸ್ಟರ ಕೋಣೆಯ ಕಪಾಟಿನಲ್ಲಿದ್ದದ್ದನ್ನು ಟೀಚರ್ ಹಟ ಹಿಡಿದು ಸಾಂದ್ರತೆಯ ಪಾಠಕ್ಕೆ ತಂದಿದ್ದಳು. "ತೋರಿಸಿ ಸಾಕು, ನೀರು ಸೋಕಿಸ್ಬೇಡಿ, ಹೊಳಪು ಹೋಗುತ್ತೆ" ಎಂದು ಹೆಡ್‌ಮಾಸ್ಟರು ಹೇಳಿಯೇ ಕೊಟ್ಟಿದ್ದರು.

ಈಗ ಅವರು ಬಂದವರೇ, ನಿನ್ನೆ ಆ ಕಲ್ಲಿನ ಪ್ರಯೋಗ ಮಾಡಿದ್ದ ಹುಡುಗಿಯ ಚೀಲವನ್ನು ಮೇಜಿನ ಮೇಲೆ ಸುರಿದರು. ಪೆನ್ಸಿಲ್ ಚೂರು. ಬಾಚಣಿಗೆ. ಕಾಗದದಲ್ಲಿ ಸುತ್ತಿದ್ದ ಮುಟ್ಟಿನ ಪ್ಯಾಡು — ಅದನ್ನೂ ಎರಡು ಬೆರಳಲ್ಲಿ ಬಿಚ್ಚಿ ನೋಡಿದರು.

"ಕಾವಲುಗಾರನ ಮಗಳು," ಎಂದರು. "ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತು. ಇವತ್ತೇ ಟಿ.ಸಿ. ಕೊಡ್ತೀನಿ. ಅವರಪ್ಪನ ಕೆಲಸಾನೂ ಹೋಯ್ತು ಅಂತ್ಲೇ ತಿಳ್ಕೊಳ್ಳಿ."

ಎಲ್ಲರೂ ಗುಬ್ಬಿ ಎನ್ನುವ ಆ ಹುಡುಗಿ ಅಳಲಿಲ್ಲ. ಸಾಮಾನನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡಳು.

"ಕೊನೆಗೆ ಕಲ್ಲು ಮುಟ್ಟಿದ್ದು ಯಾರಮ್ಮಾ?" ಟೀಚರ್ ಕೇಳಿದಳು.

"ನಾನೇ ಮಿಸ್. ಸಾಂದ್ರತೆ ಒಂದು ಪಾಯಿಂಟ್ ಏಳು ಬಂತು. ಮೂರೂವರೆ ಬರಬೇಕು ಅಂತ ಬೈದ್ರಿ. ಗಾಳಿಗುಳ್ಳೆ ಅಂಟಿರುತ್ತೆ, ರಾತ್ರಿಯೆಲ್ಲ ನೀರಲ್ಲೇ ಬಿಡು ಅಂದ್ರಿ. ಬಿಟ್ಟೆ."

"ದಾರ ಹೇಗೆ ಕಟ್ಟಿದ್ದೆ?"

"ಅಡ್ಡಡ್ಡ ಸುತ್ತಿ, ಬಿಗಿಯಾಗಿ ಗಂಟು. ಜಾರಬಾರದು ಅಂತ."

ಟೀಚರ್ ದಾರವನ್ನು ಮೇಲೆತ್ತಿದಳು. ಸುತ್ತು ಹಾಗೇ ಇತ್ತು. ಗಂಟೂ ಹಾಗೇ. ಒಳಗೆ ಮಾತ್ರ ಖಾಲಿ.

ಗಂಟು ಬಿಚ್ಚದೆ ಕಲ್ಲು ತೆಗೆದ ಕಳ್ಳ ಯಾರು?

'ಇಲ್ಲಿ ಏನನ್ನೂ ಬಾಯಿಗೆ ಹಾಕಬಾರದು' — ಗೋಡೆಯ ಮೇಲೆ ಅವಳೇ ಬರೆಸಿದ್ದ ಸಾಲು. ಅದರ ಕೆಳಗೇ ನಿಂತು ನೀರಿಗೆ ಬೆರಳದ್ದಿ ನಾಲಗೆಗೆ ಇಟ್ಟುಕೊಂಡಳು. ಬಾಯೆಲ್ಲ ಒಗರು. ಅಪ್ಪ ಕ್ಷೌರವಾದ ಮೇಲೆ ಗಲ್ಲಕ್ಕೆ ಉಜ್ಜಿಕೊಳ್ಳುತ್ತಿದ್ದ ಪಟಿಕ.

"ಕಲ್ಲನ್ನ ಯಾರೂ ಕದ್ದಿಲ್ಲ ಸರ್. ಕರಗಿದೆ."

"ಕಲ್ಲು ಕರಗುತ್ತೇನ್ರೀ?"

"ಪುಷ್ಯರಾಗ ಕರಗಲ್ಲ. ಪಟಿಕ ಕರಗುತ್ತೆ. ಪಟಿಕದ ಸಾಂದ್ರತೆ ಒಂದು ಪಾಯಿಂಟ್ ಏಳು. ಗುಬ್ಬಿ ಲೆಕ್ಕ ಸರಿಯಾಗೇ ಇತ್ತು, ಬೈದಿದ್ದು ನನ್ನ ತಪ್ಪು. ಅಸಲಿ ಕಲ್ಲು ಕಪಾಟಿನಿಂದ್ಲೇ ಯಾವತ್ತೋ ಹೋಗಿದೆ."

"ನನ್ನ ಕೋಣೆಗೆ ಜವಾನ ಬರ್ತಾನೆ, ಗುಮಾಸ್ತ ಬರ್ತಾನೆ —"

"ಬರ್ತಾರೆ. ಆದ್ರೆ ನೀರು ಸೋಕಿಸ್ಬೇಡಿ ಅಂದಿದ್ದು ಅವರಲ್ಲ. ಹೊಳೇಲಿ ಬಿದ್ದಿದ್ದ ಕಲ್ಲಿಗೆ ನೀರಿನ ಭಯ ಯಾಕೆ ಸರ್? ಅಲ್ಲಿರೋದು ಪಟಿಕ ಅಂತ ಗೊತ್ತಿದ್ದವರಿಗೆ ಮಾತ್ರ ಆ ಭಯ."

ಹೆಡ್‌ಮಾಸ್ಟರು ಬಾಗಿಲು ಮುಂದೆ ಮಾಡಿದರು. ದನಿ ಬೆಣ್ಣೆಯಾಯಿತು. "ನೋಡಿ ಮೇಡಂ, ಶಾಲೆ ಮರ್ಯಾದೆ ಅಂತ ಒಂದಿರುತ್ತೆ. ಹುಡುಗೀನ ಬಿಟ್ಬಿಡೋಣ. ಜವಾನನ ಕೈಜಾರಿ ಒಡೀತು ಅಂತ ಹೇಳಿದ್ರಾಯ್ತು."

ಬಾಯಲ್ಲಿನ ಒಗರು ಗಂಟಲಿಗಿಳಿಯಿತು. ಟೀಚರ್ ಜಾಡಿಯನ್ನು ಅವರ ಮುಂದಕ್ಕೆ ತಳ್ಳಿದಳು.

"ಬರೀ ನೀರಾದ್ರೆ ಒಂದು ಗುಟುಕು ಕುಡೀರಿ. ನಾನೇ ಸುಳ್ಳಿ ಅಂತ ಒಪ್ಕೋತೀನಿ."

ಪ್ಯಾಡು ಬಿಚ್ಚಿದ್ದ ಬೆರಳುಗಳು ಜೇಬಿನಿಂದ ಹೊರಗೆ ಬರಲಿಲ್ಲ.

"ಗುಬ್ಬಿ, ಎಲ್ಲ ಟೀಚರುಗಳನ್ನೂ ಕರ್ಕೊಂಡು ಬಾ. ಜಾಡಿ ನಾನು ಹಿಡ್ಕೊಂಡಿರ್ತೀನಿ."

ಹುಡುಗಿ ಬಾಗಿಲು ತೆರೆದು ಓಡಿದಳು. ಚೀಲವನ್ನು ಮಾತ್ರ ಆ ಕೋಣೆಯಲ್ಲಿ ಬಿಡಲಿಲ್ಲ, ಎದೆಗವಚಿಕೊಂಡೇ ಓಡಿದಳು.